ಘಟ್ಟ ಇಳಿದು ಬಂದರಿಗೆ: ನಮ್ಮ ಬೈಕ್ ಟ್ರಿಪ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರತಿ ವರ್ಷ ಟ್ರಿಪ್ ದಿನ ಗೊತ್ತಾದ ಕೂಡಲೇ ಫೋನು ಶುರುವಾಗುತ್ತದೆ. ಕೇಳುವುದು ಹೆಚ್ಚುಕಮ್ಮಿ ಅದೇ ಪ್ರಶ್ನೆಗಳು. ಹಾಗಾಗಿ ಈ ಸಲ ಉತ್ತರ ಬರೆದೇ ಇಟ್ಟಿದ್ದೇನೆ. ಓದಿದ ಮೇಲೂ ಅನುಮಾನ ಉಳಿದರೆ ಫೋನ್ ಮಾಡಿ. ರಾತ್ರಿ ಹತ್ತರ ಮೇಲೆ ಮಾತ್ರ ಬೇಡ.

ಎಲ್ಲಿಂದ ಎಲ್ಲಿಗೆ? ಎಷ್ಟು ದಿನ?

ಮೂರು ಹಗಲು, ಎರಡು ರಾತ್ರಿ. ಸುತ್ತಿ ಬಂದರೆ ಸುಮಾರು 450 ಕಿ.ಮೀ. ಆಗುತ್ತದೆ.

ಮೊದಲ ದಿನ ಬೆಳಿಗ್ಗೆ ಆರಕ್ಕೆ ಶಿವಮೊಗ್ಗ ಬಿಡುತ್ತೇವೆ. ಗಾಜನೂರು, ಮಂಡಗದ್ದೆ ದಾಟಿ ತೀರ್ಥಹಳ್ಳಿಯಲ್ಲಿ ತಿಂಡಿ. ಅಲ್ಲಿಂದ ಆಗುಂಬೆ ಘಟ್ಟ ಇಳಿದು ಸೋಮೇಶ್ವರ, ಹೆಬ್ರಿ, ಉಡುಪಿ, ಮಲ್ಪೆ. ಎರಡನೇ ದಿನ ಬೆಳಗಿನ ಜಾವ ಮಲ್ಪೆ ದಕ್ಕೆ (ಬೋಟುಗಳು ಮೀನು ಇಳಿಸುವ ಕಟ್ಟೆ) ನೋಡಿ, ಹೆದ್ದಾರಿ 66 ಹಿಡಿದು ಉತ್ತರಕ್ಕೆ ಹೋಗುತ್ತೇವೆ. ಕುಂದಾಪುರ, ಗಂಗೊಳ್ಳಿ, ಮರವಂತೆ, ಬೈಂದೂರು, ಭಟ್ಕಳ ಆಗಿ ರಾತ್ರಿಗೆ ಮುರ್ಡೇಶ್ವರ. ಮೂರನೇ ದಿನ ಹೊನ್ನಾವರದ ಕಾಸರಕೋಡು, ಆಮೇಲೆ ಗೇರುಸೊಪ್ಪೆ ಘಟ್ಟ ಹತ್ತಿ ಜೋಗ, ಸಾಗರ, ಶಿವಮೊಗ್ಗ.

ಈ ಸುತ್ತಿನಲ್ಲಿ ನನಗೆ ಇಷ್ಟವಾದ ಒಂದು ವಿಷಯ ಇದೆ. ಶರಾವತಿ ಹುಟ್ಟುವುದು ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ. ಸಮುದ್ರ ಸೇರುವುದು ಹೊನ್ನಾವರದಲ್ಲಿ. ನಾವು ಮೊದಲ ದಿನ ಅದು ಹುಟ್ಟುವ ತಾಲ್ಲೂಕು ದಾಟುತ್ತೇವೆ, ಮೂರನೇ ದಿನ ಅದರ ಅಳಿವೆ ನೋಡುತ್ತೇವೆ, ಅದೇ ದಿನ ಮಧ್ಯಾಹ್ನ ಜೋಗದಲ್ಲಿ ಅದು ಬೀಳುವುದನ್ನು ನೋಡುತ್ತೇವೆ. ನದಿಯನ್ನು ಬಾಲದಿಂದ ಹಿಡಿದು ಹತ್ತಿದ ಹಾಗೆ.

ಇಷ್ಟೊಂದು ಟೈಮ್ ಟೈಮ್ ಅಂತ ಯಾಕೆ ಗೋಳು ಹುಯ್ಕೊಳ್ತೀರಿ? ಟ್ರಿಪ್ ಅಂದ ಮೇಲೆ ಆರಾಮಾಗಿ ಹೋಗಬಾರದಾ?

ಮೊದಲ ವರ್ಷ ಆರಾಮಾಗಿಯೇ ಹೋದೆವು. ಅದರ ಕಥೆ ಕೇಳಿ.

ಒಂಬತ್ತು ಬೈಕು. ತೀರ್ಥಹಳ್ಳಿಯಲ್ಲಿ ನೆಂಟರ ಮನೆ ಊಟ, ಆಮೇಲೆ ಒಂದು ನಿದ್ದೆ. ಆಗುಂಬೆ ಮುಟ್ಟುವಾಗ ಸಂಜೆ ಐದು. ಇಷ್ಟು ದೂರ ಬಂದು ಸೂರ್ಯಾಸ್ತ ನೋಡದೆ ಹೋಗೋದಾ ಅಂತ ಯಾರೋ ಅಂದರು. ನಿಂತೆವು. ಸೂರ್ಯ ಕಾಣಲಿಲ್ಲ, ಮೋಡ ಬಂತು. ಕತ್ತಲಾಯಿತು. ಜೊತೆಗೆ ಮಂಜು. ಹೈ ಬೀಮ್ ಹಾಕಿದರೆ ಎದುರಿಗೆ ಬಿಳಿ ಗೋಡೆ, ಲೋ ಬೀಮ್ ಹಾಕಿದರೆ ಮುಂದಿನ ಚಕ್ರದ ಮುಂದೆ ಎರಡು ಮಾರು ರಸ್ತೆ. ಒಬ್ಬರ ಹಿಂದಿನ ಕೆಂಪು ದೀಪ ನೋಡಿಕೊಂಡು ಇನ್ನೊಬ್ಬರು, ಹಾಗೆ ಸಾಲಾಗಿ ಇಳಿದೆವು. ಆ ಹತ್ತು ಕಿ.ಮೀ.ಗೆ ಒಂದು ಗಂಟೆ ಮೇಲೆ ಹಿಡಿಯಿತು. ಮಲ್ಪೆಯಲ್ಲಿ ರೂಮಿನ ಬಾಗಿಲು ತಟ್ಟಿದಾಗ ರಾತ್ರಿ ಹತ್ತೂವರೆ. ಮರುದಿನ ಎಲ್ಲರೂ ಎದ್ದಿದ್ದು ಎಂಟಕ್ಕೆ. ದಕ್ಕೆಗೆ ಹೋದಾಗ ಒಂಬತ್ತು ಗಂಟೆ. ಅಲ್ಲಿ ಇದ್ದಿದ್ದು ಐಸ್ ಕರಗಿದ ನೀರು, ಕಾಗೆ, ಮೂರು ಬೆಕ್ಕು.

ಅಂದರೆ ಒಂದೇ ಸೋಮಾರಿತನಕ್ಕೆ ಘಟ್ಟವೂ ಹೋಯಿತು, ಬಂದರೂ ಹೋಯಿತು. ಅವತ್ತಿನಿಂದ ಎರಡೇ ಗಡಿಯಾರ: ಘಟ್ಟ ಹಗಲಲ್ಲಿ, ಬಂದರು ಬೆಳಗಿನ ಜಾವ. ಉಳಿದ ಹೊತ್ತಿನಲ್ಲಿ ಎಷ್ಟು ಬೇಕಾದರೂ ಆರಾಮಾಗಿರಿ, ಯಾರೂ ಕೇಳೋದಿಲ್ಲ.

ಸೂರ್ಯಾಸ್ತ ಮಲ್ಪೆಯಲ್ಲಿ ನೋಡಿಕೊಳ್ಳಿ. ಅದೇ ಸೂರ್ಯ.

ಯಾವ ತಿಂಗಳು ಒಳ್ಳೆಯದು?

ಇದು ಸುಲಭದ ಪ್ರಶ್ನೆ ಅಲ್ಲ. ಮೂರು ಲೆಕ್ಕ ಕೂಡಬೇಕು: ಮಳೆಯದ್ದು, ಮೀನಿನದ್ದು, ಅಡಿಕೆಯದ್ದು.

ಮೀನಿನ ಲೆಕ್ಕ ಮೊದಲು. ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ನಮ್ಮ ಕರಾವಳಿಯಲ್ಲಿ ಯಾಂತ್ರೀಕೃತ ಬೋಟುಗಳು ಸಮುದ್ರಕ್ಕೆ ಇಳಿಯುವಂತಿಲ್ಲ. ಅದು ಮೀನು ಮರಿ ಮಾಡುವ ಕಾಲ, ಕಡಲೂ ಒರಟು. 10 ಎಚ್‌ಪಿವರೆಗಿನ ಇಂಜಿನ್ ಇರುವ ನಾಡದೋಣಿಗಳಿಗೆ ಮಾತ್ರ ವಿನಾಯಿತಿ. ಆ ಎರಡು ತಿಂಗಳು ಬಂದರಿಗೆ ಹೋದರೆ ಬೋಟುಗಳು ಒತ್ತೊತ್ತಾಗಿ ನಿಂತಿರುತ್ತವೆ. ಬಲೆ ಹೊಲಿಯುವವರು, ಬಣ್ಣ ಹೊಡೆಯುವವರು ಸಿಗುತ್ತಾರೆ. ಅದೂ ನೋಡುವಂಥದ್ದೇ, ಆದರೆ ಮೀನಿನ ಏಲಂ (ಹರಾಜು) ಇರುವುದಿಲ್ಲ. ಪೂರ್ವ ಕರಾವಳಿಯಲ್ಲಿ ನಿಷೇಧ ಏಪ್ರಿಲ್ 15ರಿಂದ ಜೂನ್ 14ರವರೆಗೆ. ಹಾಗಾಗಿ ಜೂನ್ ಕೊನೆಯಲ್ಲಿ ನಿಮ್ಮ ತಟ್ಟೆಗೆ ಬರುವ ಮೀನು ಆ ಕಡೆಯಿಂದ ಲಾರಿ ಹತ್ತಿ ಬಂದಿದ್ದೂ ಆಗಿರಬಹುದು.

ಆಗಸ್ಟ್‌ನಲ್ಲಿ ನೂಲು ಹುಣ್ಣಿಮೆ ಹೊತ್ತಿಗೆ ಸಮುದ್ರ ಪೂಜೆ ಮಾಡಿ, ಕಡಲಿಗೆ ಹಾಲು, ತೆಂಗಿನಕಾಯಿ ಅರ್ಪಿಸುತ್ತಾರೆ. ಆಮೇಲೆ ಬಂದರಿಗೆ ಜೀವ ಬರುತ್ತದೆ. ಆದರೆ ಆಗ ನಮ್ಮ ಕಡೆ ಶ್ರಾವಣ, ಗುಂಪಿನಲ್ಲಿ ಅರ್ಧ ಜನ ಮೀನು ಮುಟ್ಟೋದಿಲ್ಲ. ಜೊತೆಗೆ ಮಳೆ ಬಿಟ್ಟಿರುವುದಿಲ್ಲ, ತೋಟದವರಿಗೆ ಅಡಿಕೆಯ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ತಲೆಬಿಸಿ.

ಸೆಪ್ಟೆಂಬರ್ ಕೊನೆಯಿಂದ ದೀಪಾವಳಿವರೆಗೆ ಎಲ್ಲ ಕೂಡಿ ಬರುತ್ತದೆ. ಘಟ್ಟ ಹಸಿರಾಗಿರುತ್ತದೆ, ಜೋಗದಲ್ಲಿ ನೀರು ಇನ್ನೂ ಇರುತ್ತದೆ, ಬೋಟುಗಳು ಕಡಲಿನಲ್ಲಿರುತ್ತವೆ. ದೀಪಾವಳಿ ಆಯ್ತು ಅಂದರೆ ಅಡಿಕೆ ಕೊಯ್ಲು. ಸುಲಿತ ಶುರುವಾದ ಮೇಲೆ ತೀರ್ಥಹಳ್ಳಿ, ಹೊಸನಗರ, ಸಾಗರದ ಯಾರನ್ನೂ ಕರೆಯಬೇಡಿ. ಬರೋದಿಲ್ಲ, ಬಂದರೂ ಮನಸ್ಸು ಅಂಗಳದ ಚಾಪೆ ಮೇಲೆ ಇರುತ್ತದೆ. ಇನ್ನೊಂದು ಅವಕಾಶ ಜನವರಿ ಕೊನೆ, ಫೆಬ್ರವರಿ. ಮಾರ್ಚ್ ನಂತರ ಕರಾವಳಿಯ ಸೆಕೆಗೆ ಜಾಕೆಟ್ ಹಾಕಿ ಬೈಕ್ ಓಡಿಸಿ ನೋಡಿ, ನಿಮಗೇ ಗೊತ್ತಾಗುತ್ತದೆ.

ಮಳೆಗಾಲದಲ್ಲಿ ಹೋದರೇ ಮಜಾ ಅಲ್ವಾ?

ವಿಡಿಯೋಗೆ ಮಜಾ. ಘಟ್ಟದಲ್ಲಿ ಗುಡ್ಡ ಜರಿದು, ಮರ ಬಿದ್ದು ರಸ್ತೆ ಬಂದ್ ಆಗುವುದು ಪ್ರತಿ ವರ್ಷದ ಮಾತು. ಹುಟ್ಟಿದ್ದೇ ಮಳೆಯಲ್ಲಿ ಅನ್ನುವ ಮಲೆನಾಡಿನವರು ಸಹ ಜುಲೈನಲ್ಲಿ ಸುಮ್ನೆ ಘಟ್ಟ ಇಳಿಯೋದಿಲ್ಲ, ಕೆಲಸ ಇದ್ದರೆ ಮಾತ್ರ.

ಆಗುಂಬೆಯೇ ಯಾಕೆ? ಹುಲಿಕಲ್ ಹತ್ತಿರ ಅಲ್ವಾ?

ಶಿವಮೊಗ್ಗ ಜಿಲ್ಲೆಯಿಂದ ಕೆಳಗೆ ಹೋಗಲು ದಾರಿ ಬೇಕಾದಷ್ಟಿವೆ. ಒಂದೊಂದರ ಗುಣ ಒಂದೊಂದು.

ಆಗುಂಬೆ ಚಿಕ್ಕ ಘಟ್ಟ, ಆದರೆ ಕಡಿದು. ಆಗುಂಬೆ ಊರು ಸಮುದ್ರ ಮಟ್ಟದಿಂದ 600 ಮೀಟರಿಗೂ ಮೇಲಿದೆ. ಹತ್ತು ಕಿ.ಮೀ. ಆಸುಪಾಸಿನಲ್ಲಿ ಸೋಮೇಶ್ವರಕ್ಕೆ ಇಳಿದುಬಿಡುತ್ತೇವೆ. ಸುತ್ತು ತಿರುವುಗಳು 14. ತಿರುವಿನಲ್ಲಿ ರಸ್ತೆ ಅಗಲ ಕಡಿಮೆ. ದೊಡ್ಡ ಲಾರಿಗಳ ಕಾಟ ಇಲ್ಲದಿರುವುದು ಬೈಕಿನವರಿಗೆ ಪುಣ್ಯ.

ಹುಲಿಕಲ್ ಅಥವಾ ಬಾಳೆಬರೆ ಘಟ್ಟ ಹೊಸನಗರ ಕಡೆಯಿಂದ ಮಾಸ್ತಿಕಟ್ಟೆ ಮೇಲೆ ಬಂದು, ಹೊಸಂಗಡಿ, ಸಿದ್ದಾಪುರ ಆಗಿ ಕುಂದಾಪುರಕ್ಕೆ ಹೋಗುತ್ತದೆ. ಕುಂದಾಪುರಕ್ಕೆ ಇದೇ ಹತ್ತಿರ, ಒಪ್ಪಿದೆ. ಕಾಡು ಚೆನ್ನಾಗಿದೆ. ದಾರಿಯಲ್ಲಿ ಚಂಡಿಕಾಂಬೆ ಗುಡಿ ಇದೆ. ಬಸ್ಸು, ಲಾರಿಯವರು ಅಲ್ಲಿ ನಿಲ್ಲಿಸಿ ಕೈ ಮುಗಿದೇ ಮುಂದೆ ಹೋಗುತ್ತಾರೆ. ಅಷ್ಟು ಹೇಳಿದರೆ ಘಟ್ಟದ ಗುಣ ಗೊತ್ತಾಯಿತಲ್ಲ. ಅನುಭವ ಇರುವ ನಾಲ್ಕು ಜನ ಹೋಗಲಿಕ್ಕೆ ಒಳ್ಳೆಯ ದಾರಿ. ಹೊಸಬರು ಇರುವ ಗುಂಪಿಗೆ ಬೇಡ.

ನಾಗೋಡಿ ಘಟ್ಟ ಇಳಿದರೆ ಕೊಲ್ಲೂರು. ಸಾಗರದವರಿಗೆ ಇದು ಈಗ ಇನ್ನೂ ಸುಲಭ. ಶರಾವತಿ ಹಿನ್ನೀರಿನ ಮೇಲಿನ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ 2025ರ ಜುಲೈನಲ್ಲಿ ತೆರೆದ ಮೇಲೆ ಲಾಂಚ್‌ಗೆ ಕಾಯುವ ಕೆಲಸ ಇಲ್ಲ. ಹಿನ್ನೀರಿನ ಮೇಲೆ ಬೈಕ್ ಓಡಿಸುವುದು ಚೆಂದವೇ. ಆದರೂ ಲಾಂಚ್ ಮೇಲೆ ಬೈಕ್ ನಿಲ್ಲಿಸಿ ಗಾಳಿ ಕುಡಿಯುತ್ತಾ ದಾಟುತ್ತಿದ್ದ ಆ ಹೊತ್ತು ನನಗೆ ನೆನಪಾಗುತ್ತದೆ. ಹಿನ್ನೀರಿನ ಆಚೆ ದಡದ ತುಮರಿ ಕಡೆಯವರ ಮುಂದೆ ಮಾತ್ರ ಹೀಗೆ ಅನ್ನಬೇಡಿ. ರಾತ್ರಿ ಹೊತ್ತು ಆಸ್ಪತ್ರೆಗೆ ಹೋಗಲು ಒದ್ದಾಡಿದವರು ಅವರು.

ಗೇರುಸೊಪ್ಪೆ ಉದ್ದದ ಘಟ್ಟ. ತಿರುವು ನಿಧಾನ, ಎರಡೂ ಕಡೆ ದಟ್ಟ ಕಾಡು. ಸಿಂಗಳೀಕ ಕಂಡರೂ ಕಾಣಬಹುದು. ಲಾರಿ, ಬಸ್ಸು ಜಾಸ್ತಿ. ಹತ್ತಲಿಕ್ಕೆ ಇದು, ಇಳಿಯಲಿಕ್ಕೆ ಆಗುಂಬೆ. ಇಳಿಯುವ ದಿನ ಎಲ್ಲರೂ ತಾಜಾ ಇರುತ್ತಾರೆ, ಮೈ ಎಚ್ಚರದಲ್ಲಿರುತ್ತದೆ, ಕಡಿದಾದ ಘಟ್ಟ ಅವತ್ತಿಗೆ. ಮೂರನೇ ದಿನ ಬೆನ್ನು ನೋವು, ನಿದ್ದೆ ಕಡಿಮೆ. ಅವತ್ತಿಗೆ ಸಮಾಧಾನದ ಘಟ್ಟ.

ಘಟ್ಟ ಇಳಿಯುವಾಗ ಬ್ರೇಕ್ ಹಿಡಿದೇ ಇರಬೇಕಾ?

ಬೇಡ, ಬೇಡ, ಬೇಡ. ಪೆಟ್ರೋಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಇಳಿಯುವವರಿಗೂ ಇದೇ ಉತ್ತರ.

ಎರಡನೇ ಗೇರಿಗೆ ಹಾಕಿ, ಆಕ್ಸಿಲರೇಟರ್ ಬಿಡಿ. ಇಂಜಿನ್ನೇ ಬೈಕನ್ನು ಹಿಡಿದುಕೊಳ್ಳುತ್ತದೆ. ತಿರುವಿಗೆ ಬರುವ ಮೊದಲು ಎರಡೂ ಬ್ರೇಕ್ ಒಟ್ಟಿಗೆ ಒತ್ತಿ ವೇಗ ಇಳಿಸಿ, ತಿರುವಿನ ಒಳಗೆ ಬಿಡಿ. ಒಂದೇ ಸಮನೆ ಒತ್ತಿಕೊಂಡು ಇಳಿದರೆ ಬ್ರೇಕ್ ಕಾದು ಹೋಗುತ್ತದೆ. ಡ್ರಮ್ ಆದರೆ ಹಿಡಿತ ಬಿಡುತ್ತದೆ. ಡಿಸ್ಕ್ ಆದರೆ ಒಳಗಿನ ಎಣ್ಣೆ ಕುದಿದು ಲಿವರ್ ಮೆತ್ತಗಾಗುತ್ತದೆ. ಮೆತ್ತಗಾಯಿತು ಅನ್ನಿಸಿದ ಕೂಡಲೇ ಬದಿಗೆ ನಿಲ್ಲಿಸಿ, ಹದಿನೈದು ನಿಮಿಷ ಆರಲು ಬಿಡಿ. ಬಿಸಿ ಡಿಸ್ಕ್ ಮೇಲೆ ನೀರು ಹೊಯ್ಯಬೇಡಿ.

ಗೇರ್ ಇಲ್ಲದ ಸ್ಕೂಟರಿನವರು ಇನ್ನೂ ಹುಷಾರು. ನಿಧಾನಕ್ಕೆ ಇಳಿಯುವಾಗ ಅದರ ಇಂಜಿನ್ ಹಿಡಿಯುವುದು ಕಡಿಮೆ, ಭಾರ ಎಲ್ಲ ಬ್ರೇಕಿನ ಮೇಲೆಯೇ. ಅರ್ಧ ದಾರಿಯಲ್ಲಿ ಒಂದು ಸಲ ನಿಂತು ಹೋಗಿ.

ಹತ್ತುವ ಗಾಡಿಗೆ ದಾರಿ ಮೊದಲು. ಇದು ಘಟ್ಟದ ಹಳೆಯ ಮರ್ಯಾದೆ, ಈಗ ಕಾನೂನಿನಲ್ಲೂ ಇದೆ. ಬಸ್ಸು ತಿರುವಿನಲ್ಲಿ ಪೂರ್ತಿ ರಸ್ತೆ ತೆಗೆದುಕೊಳ್ಳುತ್ತದೆ, ಅದಕ್ಕೆ ಬೇರೆ ದಾರಿ ಇಲ್ಲ. ಹಾರ್ನ್ ಕೇಳಿದರೆ ತಿರುವಿನ ಮೊದಲೇ ನಿಲ್ಲಿ. ಆಮೇಲೆ, ಘಟ್ಟದಲ್ಲಿ ಮಂಗಗಳಿಗೆ ಬಿಸ್ಕತ್ತು ಹಾಕಬೇಡಿ. ನೀವು ಹಾಕಿದ ಬಿಸ್ಕತ್ತಿಗೆ ಅವು ರಸ್ತೆಗೆ ಬರುತ್ತವೆ, ಹಿಂದೆ ಬರುವ ಬೈಕಿನವನು ಬೀಳುತ್ತಾನೆ.

ನನ್ನದು 100 ಸಿಸಿ ಬೈಕು. ಬುಲೆಟ್ ಇಲ್ಲ. ಬರಬಹುದಾ?

ಖಂಡಿತ. ನಮ್ಮಲ್ಲಿ ಹದಿನಾಲ್ಕು ವರ್ಷ ಹಳೆಯ ಸ್ಪ್ಲೆಂಡರ್ ಒಂದು ಪ್ರತಿ ಸಲ ಬರುತ್ತದೆ. ಇದುವರೆಗೆ ಕೈ ಕೊಟ್ಟಿಲ್ಲ. ಟೈರು ನುಣ್ಣಗಾಗಿದ್ದರೆ, ಚೈನು ಜೋತು ಬಿದ್ದಿದ್ದರೆ ಎಷ್ಟು ದೊಡ್ಡ ಬೈಕಾದರೂ ಬೇಡ.

ಗುಂಪಿನಲ್ಲಿ ಹೇಗೆ ಓಡಿಸಬೇಕು?

ಮುಂದೆ ದಾರಿ ಗೊತ್ತಿರುವವರು, ಕೊನೆಯಲ್ಲಿ ರಿಪೇರಿ ಗೊತ್ತಿರುವವರು. ಮುಂದಿನವರನ್ನು ಯಾರೂ ಹಿಂದೆ ಹಾಕಬಾರದು, ಕೊನೆಯವರಿಗಿಂತ ಯಾರೂ ಹಿಂದೆ ಉಳಿಯಬಾರದು. ಹೊಸಬರು ಮುಂದಿನವರ ಬೆನ್ನಿಗೇ ಇರಲಿ. ಅವರನ್ನು ಕೊನೆಗೆ ಬಿಟ್ಟರೆ ಗುಂಪನ್ನು ಮುಟ್ಟಲು ಓಡಿಸಿಕೊಂಡು ಬರುತ್ತಾರೆ, ಬೀಳುವುದು ಆಗಲೇ.

ಹೆದ್ದಾರಿಯಲ್ಲಿ ಒಬ್ಬರು ಬಲಕ್ಕೆ, ಹಿಂದಿನವರು ಎಡಕ್ಕೆ, ಹೀಗೆ ಓರೆಯಾಗಿ. ಘಟ್ಟದಲ್ಲಿ ಒಂದೇ ಸಾಲು. ಜೋಡಿಯಾಗಿ ಹೋಗುತ್ತಾ ಮಾತಾಡುವುದು ಬೇಡ, ಮಾತಿಗೆ ಚಹಾ ಅಂಗಡಿ ಇದೆ.

ಅಡ್ಡದಾರಿ ಬಂದಾಗ ಒಂದೇ ನಿಯಮ: ನಿಮ್ಮ ಹಿಂದಿನ ಬೈಕು ಕಣ್ಣಿಗೆ ಬೀಳುವವರೆಗೆ ನೀವು ತಿರುಗಬಾರದು. ಎಲ್ಲರೂ ಇಷ್ಟೇ ಮಾಡಿದರೆ ಯಾರೂ ತಪ್ಪಿಹೋಗುವುದಿಲ್ಲ. ಫೋನ್ ನಂಬಬೇಡಿ, ಘಟ್ಟದಲ್ಲಿ ನೆಟ್‌ವರ್ಕ್ ಇರುವುದಿಲ್ಲ. ಹನ್ನೆರಡು ಬೈಕ್ ಮೇಲಾದರೆ ಎರಡು ಗುಂಪು ಮಾಡುತ್ತೇವೆ. ಇಪ್ಪತ್ತು ಬೈಕು ಒಟ್ಟಿಗೆ ಹೋದರೆ ಅದು ಮೆರವಣಿಗೆ.

ಹೆದ್ದಾರಿ 66 ಚೆನ್ನಾಗಿದೆಯಂತೆ. ಅಲ್ಲಿ ಭಯ ಇಲ್ಲ ಅಲ್ವಾ?

ರಸ್ತೆ ಅಗಲ ಇದೆ, ಹೌದು. ನನಗೆ ಘಟ್ಟಕ್ಕಿಂತ ಅಲ್ಲೇ ಹೆದರಿಕೆ ಜಾಸ್ತಿ. ಘಟ್ಟದಲ್ಲಿ ಎಲ್ಲರೂ ಹುಷಾರಾಗಿರುತ್ತಾರೆ. ಕೆಳಗೆ ಇಳಿದ ಮೇಲೆ ಕೈ ತಾನಾಗಿ ತಿರುಗುತ್ತದೆ.

ರಾಂಗ್ ಸೈಡಿನಲ್ಲಿ ಬರುವ ಸ್ಕೂಟರು, ಮಧ್ಯೆ ಮಲಗಿದ ದನ, ಇವು ಎಲ್ಲ ಕಡೆ ಇದ್ದಿದ್ದೇ. ಕರಾವಳಿಗೇ ಸೇರಿದ್ದು ಒಂದಿದೆ: ಮೀನಿನ ಗಾಡಿ. ಐಸ್ ತುಂಬಿದ ಗಾಡಿಯಿಂದ ಮೀನಿನ ನೀರು ರಸ್ತೆಗೆ ಸೋರುತ್ತದೆ. ಅದರಲ್ಲಿ ಜಿಡ್ಡಿರುತ್ತದೆ. ತಿರುವಿನಲ್ಲಿ, ಉಬ್ಬಿನ ಹತ್ತಿರ, ಗಾಡಿ ನಿಲ್ಲುವ ಜಾಗದಲ್ಲಿ ಜಾಸ್ತಿ ಬಿದ್ದಿರುತ್ತದೆ. ನೋಡಲು ಬರೀ ನೀರಿನ ಹಾಗೆ. ಮೂರು ವರ್ಷದ ಹಿಂದೆ ನಮ್ಮ ಸಾಗರದ ಗೆಳೆಯ ಅಂಥ ಒಂದು ಗಾಡಿಯ ಹಿಂದೆಯೇ ಹೋಗುತ್ತಿದ್ದ. ಬ್ರೇಕ್ ಮುಟ್ಟಿದ್ದೊಂದೇ ಗೊತ್ತು, ಬೈಕು ಒಂದು ಕಡೆ, ಅವನು ಒಂದು ಕಡೆ. ಜಾಕೆಟ್ ಹರಿಯಿತು, ಮೊಣಕೈ ಉಳಿಯಿತು. ಒಂದು ವಾರ ಅವನ ಪ್ಯಾಂಟಿನ ವಾಸನೆ ಹೋಗಲಿಲ್ಲವಂತೆ. ಮೀನಿನ ಗಾಡಿ ಕಂಡರೆ ದೂರ ಇರಿ, ದಾಟುವುದಾದರೆ ನೇರ ರಸ್ತೆಯಲ್ಲಿ ದಾಟಿ.

ಮರವಂತೆಯಲ್ಲಿ ಎಡಕ್ಕೆ ಕಡಲು, ಬಲಕ್ಕೆ ಸೌಪರ್ಣಿಕಾ, ನಡುವೆ ಹೆದ್ದಾರಿ. ಎಲ್ಲರೂ ಅಲ್ಲಿ ತಲೆ ತಿರುಗಿಸಿ ನೋಡುತ್ತಾರೆ. ದಯವಿಟ್ಟು ನಿಲ್ಲಿಸಿ ನೋಡಿ. ಬೀಸುಗಾಳಿಗೆ ಬೈಕು ಒಂದು ಅಡಿ ಆಚೆ ಸರಿಯುವುದೂ ಉಂಟು.

ಟೋಲ್ ಎಷ್ಟು?

ಬೈಕಿಗೆ ಇಲ್ಲ. ಸಾಸ್ತಾನ, ಶಿರೂರು ಟೋಲ್ ಗೇಟುಗಳಲ್ಲಿ ಎಡಬದಿಯ ಸಣ್ಣ ದಾರಿಯಲ್ಲಿ ಹೋಗಿ.

ಏನೇನು ಕಾಗದಪತ್ರ ಬೇಕು?

ಡಿಎಲ್, ಆರ್‌ಸಿ, ಇನ್ಶೂರೆನ್ಸ್, ಎಮಿಷನ್ ಸರ್ಟಿಫಿಕೇಟ್. ಡಿಜಿಲಾಕರ್‌ನಲ್ಲಿದ್ದರೆ ಸಾಕು, ಆದರೆ ನೆಟ್ ಇಲ್ಲದಾಗಲೂ ತೆಗೆಯಲು ಬರುವ ಹಾಗೆ ಇಟ್ಟುಕೊಳ್ಳಿ. ಹೆಲ್ಮೆಟ್ ಐಎಸ್‌ಐ ಗುರುತಿನದ್ದೇ, ಹಿಂದೆ ಕೂರುವವರಿಗೂ. ಅರ್ಧ ಹೆಲ್ಮೆಟ್ ಹಾಕಿ ಬಂದವರನ್ನು ಎರಡು ಸಲ ವಾಪಸ್ ಕಳಿಸಿದ್ದೇವೆ. ಅವರು ಇನ್ನೂ ಮಾತು ಬಿಟ್ಟಿದ್ದಾರೆ, ಪರವಾಗಿಲ್ಲ.

ಬಂದರಿನಲ್ಲಿ ನೋಡಲು ಏನಿದೆ? ಬೀಚಿಗೆ ಹೋದರೆ ಸಾಲದಾ?

ಬೀಚು ಎಲ್ಲ ಕಡೆ ಒಂದೇ. ಬಂದರು ಹಾಗಲ್ಲ.

ಮಲ್ಪೆ ರಾಜ್ಯದ ದೊಡ್ಡ ಮೀನುಗಾರಿಕೆ ಬಂದರುಗಳಲ್ಲಿ ಒಂದು. ಬೆಳಿಗ್ಗೆ ಐದೂವರೆಗೆ ಹೋಗಿ ನಿಲ್ಲಿ. ಹತ್ತು ದಿನ ಕಡಲಿನಲ್ಲಿದ್ದ ಟ್ರಾಲ್ ಬೋಟುಗಳು ಬಂದು ತಾಗಿರುತ್ತವೆ. ಬೋಟಿನ ಹೊಟ್ಟೆಯಿಂದ ಐಸ್ ಸಮೇತ ಮೀನು ಬುಟ್ಟಿ ಬುಟ್ಟಿಯಾಗಿ ಮೇಲೆ ಬರುತ್ತದೆ. ನೆಲದ ಮೇಲೆ ರಾಶಿ, ಸುತ್ತ ಜನ, ಮಧ್ಯೆ ಏಲಂ ಕೂಗುವವನು. ಅವನು ಹೇಳುವುದು ನಿಮಗೆ ಅರ್ಥ ಆಗುವಷ್ಟರಲ್ಲಿ ಆ ರಾಶಿ ಹೋಗಿ ಇನ್ನೊಂದು ಬಂದಿರುತ್ತದೆ. ತಲೆ ಮೇಲೆ ಬುಟ್ಟಿ ಹೊತ್ತ ಮೀನು ಮಾರುವ ಹೆಂಗಸರ ಚೌಕಾಸಿ ಮುಂದೆ ನಮ್ಮ ಶಿವಮೊಗ್ಗದ ಗಾಂಧಿ ಬಜಾರ್ ಏನೂ ಅಲ್ಲ. ಏಳೂವರೆ, ಎಂಟರ ಹೊತ್ತಿಗೆ ಜೋರು ಇಳಿಯುತ್ತದೆ.

ಚಿಕ್ಕವನಿದ್ದಾಗ ನಮ್ಮೂರಿಗೆ ಮೀನಿನವನು ಹಾರ್ನ್ ಹೊಡೆಯುತ್ತಾ ಬರುತ್ತಿದ್ದ. ಪಾತ್ರೆ ಹಿಡಿದು ಓಡುವುದು ನನ್ನ ಕೆಲಸ. 'ಘಟ್ಟದ ಕೆಳಗಿನಿಂದ ಬಂತು' ಅಂತ ಅಜ್ಜಿ ಅನ್ನುತ್ತಿದ್ದರು. ಆ ಬಂಗುಡೆ ಯಾವ ಹೊತ್ತಿಗೆ, ಎಷ್ಟು ಕೈ ದಾಟಿ, ಯಾವ ಘಟ್ಟ ಹತ್ತಿ ಬೆಳಿಗ್ಗೆ ಒಂಬತ್ತಕ್ಕೆ ನಮ್ಮ ಅಂಗಳಕ್ಕೆ ಬರುತ್ತಿತ್ತು ಅನ್ನೋದು ಗೊತ್ತಾಗಿದ್ದು ಮಲ್ಪೆ ದಕ್ಕೆಯಲ್ಲಿ ನಿಂತಾಗಲೇ.

ದಕ್ಕೆಯಲ್ಲಿ ಹೇಗೆ ನಡೆದುಕೊಳ್ಳಬೇಕು?

ಅದು ಅವರ ಕೆಲಸದ ಜಾಗ. ಅಡಿಕೆ ಸುಲಿಯುವ ಹೊತ್ತಿಗೆ ಹನ್ನೆರಡು ಜನ ಜಾಕೆಟ್ ಹಾಕಿಕೊಂಡು ನಮ್ಮ ಅಂಗಳದಲ್ಲಿ ನಿಂತು ಫೋಟೋ ತೆಗೆದರೆ ನಮಗೆ ಹೇಗಿರುತ್ತದೆ?

ಬೈಕು ಹೊರಗೇ ನಿಲ್ಲಿಸಿ. ಕೈಗಾಡಿ ಬರುವ ದಾರಿಗೆ ಅಡ್ಡ ನಿಲ್ಲಬೇಡಿ. ಹರವಿದ ಬಲೆ ತುಳಿಯಬೇಡಿ. ಚಪ್ಪಲಿ ಬೇಡ, ಹಿಡಿತ ಇರುವ ಶೂ ಹಾಕಿ, ನೆಲ ಜಾರುತ್ತದೆ. ಫೋಟೋಗೆ ಮೊದಲು ಕೇಳಿ, ಬೇಡ ಅಂದರೆ ಬಿಡಿ. ಕೊಳ್ಳುವ ಮನಸ್ಸಿಲ್ಲದಿದ್ದರೆ ರೇಟು ಕೇಳಬೇಡಿ. ಮೂಗು ಮುಚ್ಚಿಕೊಳ್ಳುವುದಂತೂ ಬೇಡವೇ ಬೇಡ.

ಅಲ್ಲಿ ಕನ್ನಡ ನಡೆಯುತ್ತದಾ?

ನಡೆಯುತ್ತದೆ. ಮಲ್ಪೆಯಲ್ಲಿ ತುಳು ಜಾಸ್ತಿ, ಕುಂದಾಪುರಕ್ಕೆ ಬಂದರೆ ಕುಂದಾಪ್ರ ಕನ್ನಡ, ಮುಂದೆ ಹೋದ ಹಾಗೆ ಕೊಂಕಣಿ, ಭಟ್ಕಳದಲ್ಲಿ ನವಾಯತಿ ಸಹ ಕಿವಿಗೆ ಬೀಳುತ್ತದೆ. ಎಲ್ಲರಿಗೂ ಕನ್ನಡ ಬರುತ್ತದೆ. ಮೀನು ಮಾರುವವರನ್ನು 'ಅಕ್ಕಾ' ಅಂದರೆ ಸಾಕು.

ಗೊಂದಲ ಆಗುವುದು ಮೀನಿನ ಹೆಸರಿನಲ್ಲಿ. ಉಡುಪಿಯ ಬೂತಾಯಿ ಕುಂದಾಪುರದಲ್ಲಿ ಬೈಗೆ. ಉಡುಪಿಯ ಅಂಜಲ್ ಉತ್ತರ ಕನ್ನಡದಲ್ಲಿ ಇಸ್ವಾಣ. ನಾವು ಸಿಗಡಿ ಅನ್ನುವುದಕ್ಕೆ ತುಳುವಿನಲ್ಲಿ ಎಟ್ಟಿ, ಕುಂದಾಪುರದಲ್ಲಿ ಚಟ್ಲಿ, ಹೊನ್ನಾವರ ದಾಟಿದರೆ ಶೆಟ್ಲಿ. ಮರುವಾಯಿ ಕುಮಟಾ ಕಡೆ ಬಳಚು ಆಗುತ್ತದೆ. ಹೋಟೆಲಿನಲ್ಲಿ ಒಂದೇ ಮೀನನ್ನು ಎರಡು ಹೆಸರಿನಲ್ಲಿ ತರಿಸಿ, ಎರಡರಲ್ಲಿ ಯಾವುದು ರುಚಿ ಅಂತ ನಮ್ಮವರು ಅರ್ಧ ಗಂಟೆ ಜಗಳ ಆಡಿದ್ದಾರೆ.

ನಾನು ಮೀನು ತಿನ್ನುವುದಿಲ್ಲ. ಬಂದು ಏನು ಮಾಡಲಿ?

ನಮ್ಮಲ್ಲಿ ಮೂರು ಜನ ಪೂರ್ತಿ ಸಸ್ಯಾಹಾರಿಗಳು. ಇಬ್ಬರು ಸೋಮವಾರ, ಶನಿವಾರ ತಿನ್ನದವರು. ಒಬ್ಬ ಮನೆಯಲ್ಲಿ ತಿನ್ನೋದಿಲ್ಲ, ಘಟ್ಟ ಇಳಿದ ಮೇಲೆ ತಿನ್ನುತ್ತಾನೆ. ಉಡುಪಿಗೆ ಹೋಗಿ ಸಸ್ಯಾಹಾರಿಗಳು ಹಸಿದುಕೊಂಡು ಬಂದರೆ ತಪ್ಪು ಅವರದ್ದೇ. ಬನ್ಸ್, ಗೋಳಿಬಜೆ, ನೀರ್ ದೋಸೆ, ಕೊನೆಗೆ ಗಡ್‌ಬಡ್ ಐಸ್‌ಕ್ರೀಂ.

ತಿನ್ನುವವರಿಗೆ ನನ್ನ ಸಲಹೆ: ಹೊರಗೆ ಬಣ್ಣದ ಬೋರ್ಡ್ ಇರುವ ಕಡೆ ಬೇಡ. ಬಂದರಿನ ಸುತ್ತ ಮಧ್ಯಾಹ್ನ ಊಟ ಮಾತ್ರ ಹಾಕುವ ಸಣ್ಣ ಹೋಟೆಲು ಹುಡುಕಿ. ಕುಚಲಕ್ಕಿ ಅನ್ನ, ಮೀನು ಸಾರು, ಒಂದು ತುಂಡು ಕಾಣೆ ಅಥವಾ ಬಂಗುಡೆ ಫ್ರೈ. ಒಂದೂವರೆ ದಾಟಿದರೆ ಫ್ರೈ ಮುಗಿದಿರುತ್ತದೆ. ಏಡಿ ತರಿಸಿದರೆ ತಿಂದು ಏಳಲು ಒಂದು ಗಂಟೆ ಬೇಕು. ಗುಂಪು ಕಾಯುತ್ತದೆ, ಬೈದುಕೊಂಡು ಕಾಯುತ್ತದೆ.

ಗಂಗೊಳ್ಳಿ ಕುಂದಾಪುರದ ಎದುರಿಗೇ ಕಾಣುತ್ತದೆ. ಅಷ್ಟು ಸುತ್ತು ಯಾಕೆ?

ಎದುರಿಗೇ ಕಾಣುತ್ತದೆ, ಮಧ್ಯೆ ಹೊಳೆ ಇದೆ. ಹೆದ್ದಾರಿಯಲ್ಲಿ ತ್ರಾಸಿವರೆಗೆ ಹೋಗಿ ಅಲ್ಲಿಂದ ವಾಪಸ್ ದಕ್ಷಿಣಕ್ಕೆ ಬರಬೇಕು. ಪಂಚಗಂಗಾವಳಿ ಅಂತ ಆ ಹೊಳೆಗೆ ಹೆಸರು. ಐದು ಹೊಳೆ ಸೇರುವ ಜಾಗ. ವಾರಾಹಿ, ಚಕ್ರಾ ನಮ್ಮ ಘಟ್ಟದ ಮೇಲಿನವು, ಕೊಲ್ಲೂರಿನ ಸೌಪರ್ಣಿಕಾವೂ ಅಲ್ಲಿಗೇ ಬರುತ್ತದೆ. ಹೊಸನಗರದವರು ತಮ್ಮ ಅಂಗಳದ ಮಳೆ ಎಲ್ಲಿಗೆ ಹೋಯಿತು ಅಂತ ನೋಡಬೇಕಾದರೆ ಗಂಗೊಳ್ಳಿ ಅಳಿವೆಗೆ ಹೋಗಬೇಕು. ಸುತ್ತು ಹಾಕಿದ್ದಕ್ಕೆ ಮೋಸ ಇಲ್ಲ. ಮಲ್ಪೆಗಿಂತ ಸಣ್ಣ ಬಂದರು, ಮಾತಿಗೆ ಜನ ಸಿಗುತ್ತಾರೆ.

ಸಮುದ್ರಕ್ಕೆ ಇಳಿಯಬಹುದಾ? ಮರಳ ಮೇಲೆ ಬೈಕ್ ಓಡಿಸಬಹುದಾ?

ಮೊಣಕಾಲುವರೆಗೆ. ಹೊಳೆಯಲ್ಲಿ ಈಜು ಕಲಿತವರೇ ಇಲ್ಲಿ ಮೋಸ ಹೋಗುವುದು. ತುಂಗೆಯ ನೀರು ಒಂದೇ ಕಡೆ ಎಳೆಯುತ್ತದೆ. ಕಡಲು ತಂದು ಹಾಕಿದ ಹಾಗೆ ಮಾಡಿ ಒಳಗೆ ಎಳೆಯುತ್ತದೆ. ಕೆಂಪು ಬಾವುಟ ಇದ್ದರೆ, ಜೀವರಕ್ಷಕರು ಸೀಟಿ ಹೊಡೆದರೆ ವಾದ ಮಾಡಬೇಡಿ. ಅಳಿವೆ ಹತ್ತಿರವಂತೂ ಇಳಿಯಲೇಬೇಡಿ.

ಮರಳಿಗೆ ಬೈಕ್ ಇಲ್ಲ. ಹೂತುಕೊಂಡ ಬೈಕನ್ನು ನಾಲ್ಕು ಜನ ಎತ್ತಿದ್ದು ಸಾಕಾಗಿದೆ. ಉಪ್ಪು ಮರಳು ಚೈನಿಗೆ ಸೇರಿದರೆ ವಾರದಲ್ಲಿ ತುಕ್ಕು.

ಮೀನು ಮನೆಗೆ ತರಬಹುದಾ?

ಮೂರನೇ ದಿನ ಬೆಳಿಗ್ಗೆ ಹೊನ್ನಾವರ ಕಡೆ ಕೊಂಡರೆ ತರಬಹುದು. ಕಣ್ಣು ಹೊಳೆಯಬೇಕು, ಕಿವಿರು ಕೆಂಪಗಿರಬೇಕು, ಬೆರಳು ಒತ್ತಿದರೆ ಗುಳಿ ನಿಲ್ಲಬಾರದು. ಥರ್ಮೋಕೋಲ್ ಡಬ್ಬಿ, ಒಂದು ಪದರ ಐಸ್, ಒಂದು ಪದರ ಮೀನು. ಸೈಲೆನ್ಸರ್ ಇಲ್ಲದ ಕಡೆ ಕಟ್ಟಿ. ಪ್ಲಾಸ್ಟಿಕ್ ಚೀಲದಲ್ಲಿ ಸೈಲೆನ್ಸರ್ ಪಕ್ಕ ನೇತುಹಾಕಿದವರ ಮೀನು ಸಾಗರಕ್ಕೆ ಬರುವಷ್ಟರಲ್ಲಿ ಬೆಂದಿತ್ತು.

ನಾನು ಈಗ ಹಸಿ ಮೀನು ತರುವುದೇ ಬಿಟ್ಟಿದ್ದೇನೆ. ಕಾಸರಕೋಡು ಟೊಂಕದಲ್ಲಿ ಮರಳ ಮೇಲೆ ಮೀನು ಒಣಗಿಸುತ್ತಾರೆ. ಒಣ ಬಂಗುಡೆ, ಒಣ ಸಿಗಡಿ ತಂದು ಅಟ್ಟದಲ್ಲಿಟ್ಟರೆ ಜುಲೈ ಮಳೆಯಲ್ಲಿ ಗಂಜಿ ಜೊತೆ ಸುಟ್ಟುಕೊಳ್ಳಬಹುದು. ಮೊದಲು ಪೇಪರು, ಮೇಲೆ ಎರಡು ಪ್ಲಾಸ್ಟಿಕ್, ಬಾಯಿ ಬಿಗಿಯಾಗಿ ಕಟ್ಟಿ. ಇಲ್ಲದಿದ್ದರೆ ಬ್ಯಾಗಿನ ಬಟ್ಟೆ ಎಲ್ಲ ಅದೇ ವಾಸನೆ.

ಇಂಬಳ? ಮಂಗನ ಕಾಯಿಲೆ?

ಇಂಬಳ (ಜಿಗಣೆ) ಹಿಡಿದರೆ ಉಪ್ಪು ಹಾಕಿ, ಬಿಡುತ್ತದೆ. ಅದಕ್ಕೆ ಕೂಗಾಡಬೇಡಿ, ಬೆಂಗಳೂರಿನಿಂದ ಬಂದವರು ನಗುತ್ತಾರೆ.

ಮಂಗನ ಕಾಯಿಲೆ ತಮಾಷೆಯಲ್ಲ. 1957ರಲ್ಲಿ ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲೇ ಮೊದಲು ಗುರುತಿಸಿದ್ದು. ಉಣ್ಣೆ ಹುಳ (ಉಣುಗು) ಕಚ್ಚುವುದರಿಂದ ಬರುತ್ತದೆ. ಡಿಸೆಂಬರ್‌ನಿಂದ ಮೇವರೆಗೆ ಜಾಸ್ತಿ. ಫೆಬ್ರವರಿ ಟ್ರಿಪ್ ಆದರೆ ದಾರಿ ಬದಿಯ ತರಗೆಲೆ ಮೇಲೆ ಕೂರುವುದು, ಕಾಡಿನೊಳಗೆ ನುಗ್ಗಿ ಫೋಟೋ ತೆಗೆಯುವುದು ಬೇಡ. ಬಂದ ಮೇಲೆ ಜ್ವರ ಬಂದರೆ ಎಲ್ಲಿಗೆ ಹೋಗಿದ್ದಿರಿ ಅಂತ ಡಾಕ್ಟರಿಗೆ ಹೇಳಿ.

ಖರ್ಚು?

ಪೆಟ್ರೋಲಿಗೆ ನಿಮ್ಮ ಬೈಕಿನ ಮೈಲೇಜ್ ಹಿಡಿದು 450 ಕಿ.ಮೀ. ಲೆಕ್ಕ ಹಾಕಿ. ಲೀಟರಿಗೆ 45 ಕೊಟ್ಟರೆ ಹತ್ತು ಲೀಟರ್. ರೂಮು ಮೂವರು ಹಂಚಿಕೊಳ್ಳುತ್ತೇವೆ. ಊಟ ಅವರವರ ಹೊಟ್ಟೆ.

ಹೆಣ್ಣುಮಕ್ಕಳು ಬರಬಹುದಾ?

ಬರುತ್ತಾರೆ. ಹೋದ ಸಲ ಕೊನೆಯ ಬೈಕು, ಅಂದರೆ ರಿಪೇರಿ ಬೈಕು, ಓಡಿಸಿದ್ದು ಭದ್ರಾವತಿಯ ಒಬ್ಬರು ಅಕ್ಕ.

ಸಂಜೆ ಸ್ವಲ್ಪ ತಗೋಬಹುದಾ?

ಮರುದಿನ ಬೆಳಿಗ್ಗೆ ಐದಕ್ಕೆ ಏಳಬೇಕು. ಲೆಕ್ಕ ನೀವೇ ಹಾಕಿ. ಬೈಕ್ ಕೀಲಿ ಕೈಯಲ್ಲಿದ್ದಾಗ ಒಂದು ಹನಿಯೂ ಇಲ್ಲ. ಇದರಲ್ಲಿ ಚರ್ಚೆ ಇಲ್ಲ.

ದಾರಿಯಲ್ಲಿ ಬೈಕು ಕೆಟ್ಟರೆ? ಯಾರಾದರೂ ಬಿದ್ದರೆ?

ಪಂಕ್ಚರ್ ಸಾಮಾನು, ಕ್ಲಚ್ ಕೇಬಲ್, ಪ್ಲಗ್, ಗಾಳಿ ಪಂಪು ಕೊನೆಯ ಬೈಕಿನಲ್ಲಿ ಇರುತ್ತದೆ. ನಿಮ್ಮ ಬೈಕಿನ ಕೇಬಲ್ ನೀವೇ ತನ್ನಿ, ಎಲ್ಲ ಬೈಕಿಗೂ ಒಂದೇ ಆಗುವುದಿಲ್ಲ. ತೀರ್ಥಹಳ್ಳಿಯಲ್ಲಿ ಟ್ಯಾಂಕ್ ತುಂಬಿಸಿ, ವಾಪಸ್ ಬರುವಾಗ ಹೊನ್ನಾವರದಲ್ಲಿ. ಘಟ್ಟದ ಮಧ್ಯೆ ಬಂಕ್ ಹುಡುಕಬೇಡಿ.

ಬಿದ್ದರೆ 108 ಅಥವಾ 112, ಹೆದ್ದಾರಿಯಲ್ಲಿ 1033. ನೆಟ್‌ವರ್ಕ್ ಇಲ್ಲದ ಕಡೆ ಆದರೆ ಎದುರು ಬರುವ ಬಸ್ಸಿಗೆ ಕೈ ಅಡ್ಡ ಹಾಕಿ. ಘಟ್ಟದ ಬಸ್ಸಿನ ಡ್ರೈವರುಗಳು ನಿಲ್ಲಿಸದೆ ಹೋಗುವುದನ್ನು ನಾನು ನೋಡಿಲ್ಲ. ಬಿದ್ದವರ ಹೆಲ್ಮೆಟ್ ಎಳೆದು ತೆಗೆಯಬೇಡಿ.

ವಾಪಸ್ ಬಂದ ಮೇಲೆ ಬೈಕಿಗೆ ಏನಾದರೂ ಮಾಡಬೇಕಾ?

ಮರುದಿನವೇ ಸಿಹಿನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಮಡ್‌ಗಾರ್ಡ್ ಒಳಗೆ, ಸ್ಪೋಕು, ಚೈನು. ಉಪ್ಪು ಗಾಳಿ ಕಾಣದ ಕಡೆ ಕೂತಿರುತ್ತದೆ. ಒಣಗಿದ ಮೇಲೆ ಚೈನಿಗೆ ಎಣ್ಣೆ ಬಿಡಿ. 'ಒಂದು ವಾರ ಆಗಲಿ' ಅಂತ ಬಿಟ್ಟವರ ನಟ್ಟು ಬೋಲ್ಟು ಎಲ್ಲ ಕೆಂಪಗಾಗಿದೆ.

ಮುಂದಿನ ಟ್ರಿಪ್ ಯಾವಾಗ?

ಸುಲಿತ ಮುಗಿಯಲಿ ಮಾರಾಯ್ರೆ.